ಅಜ್ಜಿಗೆ ಎರಡು ಸೆಲ್ಲು

ಡಾಕ್ಟ್ರ ಅಂಗಿಗೆ ಎರಡು ಜೇಬು. ಎಡಗಡೆಯದು ಯಾವಾಗಲೂ ಎರಡು ಬೆರಳು ಕೆಳಗೆ ಜೋತಿರುತ್ತಿತ್ತು. ಅದರೊಳಗೆ ಅಂಗೈ ಅಗಲದ ಬೂದುಬಣ್ಣದ ಡಿಜಿಟಲ್ ಡೈರಿ, ಅದರ ಸುತ್ತ ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ರಬ್ಬರ್ ಬ್ಯಾಂಡು. ಪರದೆ ಮೇಲೆ ಬರೆಯುವ ಕಡ್ಡಿ ಎಂದೋ ಕಳೆದುಹೋಗಿತ್ತು. ಅದಕ್ಕೇ ಉರಿದು ಉಳಿದ ಊದುಬತ್ತಿ ಕಡ್ಡಿಯ ತುದಿಯನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿ ಕಿವಿ ಮೇಲೆ ಸಿಕ್ಕಿಸಿಕೊಂಡಿರುತ್ತಿದ್ದರು. ಹತ್ತಿರ ಬಂದರೆ ಕಿವಿಯಿಂದ ಮಲ್ಲಿಗೆ ಊದುಬತ್ತಿ ಘಮ, ಉಳಿದ ಮೈಯಿಂದ ಕೊಟ್ಟಿಗೆ ವಾಸನೆ.

ನಾವೆಲ್ಲ ಅವರನ್ನು ದನದ ಡಾಕ್ಟ್ರು ಅಂತಲೇ ಕರೆಯುತ್ತಿದ್ದದ್ದು. ಪಾವಗಡದ ಕಡೆಯವರು. ಮಧುಗಿರಿ, ಕೊರಟಗೆರೆ ಎಲ್ಲ ಸುತ್ತಿ ಕೊನೆಗೆ ಶಿರಾ ತಾಲ್ಲೂಕಿಗೆ, ನಮ್ಮ ತಾವರೆಕೆರೆಗೆ ಬಂದರು. ಗಾಬರಿಯಾದರೆ ಮಾತ್ರ ಬಾಯಲ್ಲಿ ತೆಲುಗೇ ಬರುತ್ತಿತ್ತು.

ಯಾರ ಹಸು ಗಬ್ಬವಾದರೂ ಹೆಸರು, ಊರು, ಕರು ಹಾಕುವ ಅಂದಾಜು ದಿನ ಡೈರಿಗೆ ಹೋಗುತ್ತಿತ್ತು. ದಿನ ಹತ್ತಿರ ಬಂದಾಗ ಅದು ಪೀಂ ಪೀಂ ಅನ್ನುತ್ತಿತ್ತು. ವರ್ಗವಾದರೂ ಹಳೇ ಊರಿನ ಹಸುಗಳನ್ನು ಅಳಿಸುತ್ತಿರಲಿಲ್ಲ. ನಮ್ಮೂರ ಟೀ ಅಂಗಡಿಯಲ್ಲಿ ಕೂತು ವಳ್ಳೂರಿಗೆ ಫೋನ್ ಮಾಡಿ, "ನಿಮ್ಮ ಕರಿ ಹಸು ಈ ವಾರ ಕಣಪ್ಪ, ಊರು ಬಿಟ್ಟು ಎಲ್ಲೂ ಹೋಗ್ಬೇಡ" ಅನ್ನುತ್ತಿದ್ದರು. ಅಕ್ಕಪಕ್ಕದವರು ನಗುತ್ತಿದ್ದರು.

ಆಗ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಬಂದಾಗಿತ್ತು. ನಾನು ಪಿಯುಸಿ. ಎಲ್ಲ ಗೊತ್ತಿರುವವಳ ಹಾಗೆ ಕೇಳಿದ್ದೆ: "ಸಾರ್, ಇದನ್ನ ಮಾಡಿದ ಕಂಪನಿನೇ ಮುಚ್ಚೋಯ್ತಂತೆ. ಇನ್ನೂ ಯಾಕ್ ಸಾರ್ ಇದು?"

"ಮೊದಲು ಅವ್ರು ಎಂಥಾ ಬುದ್ಧಿವಂತ್ರು ಗೊತ್ತೇನಮ್ಮ? ಮನುಷ್ಯನಿಗೆ ಏನ್ ಮರ್ತೋಗ್ತದೆ ಅಂತ ಯೋಚ್ನೆ ಮಾಡಿ ಮಾಡಿದ್ರು. ಆಮೇಲೆ ಬಣ್ಣ ಬಂತು, ಹಾಡು ಬಂತು. ಒಂದೊಂದು ವರ್ಷ ಬರೀ ಡಬ್ಬಿ ಬದಲಾಯ್ತು. ಯೋಚ್ನೆ ಮಾಡೋದು ನಿಲ್ಸಿಬುಟ್ರು. ಅದು ಅವ್ರ ತಪ್ಪು, ಇದೇನ್ ಮಾಡ್ತು ಪಾಪ?" ಅಂತ ಡೈರಿಯ ಬೆನ್ನು ಸವರಿದರು, ಥೇಟ್ ಹಸುವಿನ ಬೆನ್ನು ಸವರಿದ ಹಾಗೆ.

ಪಾಪದ ಡೈರಿಗೆ ಒಂದು ಕೆಟ್ಟ ಗುಣವಿತ್ತು. ಸಣ್ಣ ಸೆಲ್ಲು ಎರಡು ಹಾಕಬೇಕು. ಹಳೆಯದು ತೆಗೆದು ಒಂದು ನಿಮಿಷದೊಳಗೆ ಹೊಸದು ಹಾಕದಿದ್ದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತಿತ್ತು. ಹಾಗಾಗಿ ಸೆಲ್ಲು ಬದಲಿಸುವಾಗ ಡಾಕ್ಟ್ರು ಚಪ್ಪಲಿ ಬಿಟ್ಟು, ಕೈ ತೊಳೆದು, ಯಾರೂ ಮಾತಾಡಬಾರದು ಅಂತ ಕೈ ಎತ್ತಿ, ಒಂದು, ಎರಡು ಅಂತ ಗಟ್ಟಿಯಾಗಿ ಎಣಿಸುತ್ತಿದ್ದರು.

ನಮ್ಮ ಕೆಂಪಿ ಎರಡನೇ ಸಲ ಗಬ್ಬವಾಗಿದ್ದಾಗ ಆದದ್ದಿದು. ಮೊದಲ ಸಲ ಯಾರೂ ಹತ್ತಿರ ಇಲ್ಲದಾಗ ಕರು ಅಡ್ಡಡ್ಡ ಬಂದು ಸತ್ತುಹೋಗಿತ್ತು. ಅವತ್ತು ಅಜ್ಜಿ ಊಟ ಮಾಡಿರಲಿಲ್ಲ. ಈ ಸಲದ ದಿನ ಡೈರಿಯಲ್ಲಿ ಮಾತ್ರ ಇತ್ತು. ಅದನ್ನು ನೋಡೋಣ ಅಂತ ಡಾಕ್ಟ್ರು ನಮ್ಮ ಹಟ್ಟಿಯಲ್ಲಿ ಡೈರಿ ತೆಗೆದರೆ ಸೆಲ್ಲು ಮುಗಿಯುತ್ತಾ ಬಂದಿತ್ತು. ಹೊಸ ಸೆಲ್ಲುಗಳನ್ನು ಕಲಗಚ್ಚಿನ ಬಾನಿಯ ಅಂಚಿನ ಮೇಲಿಟ್ಟರು. ಹಳೆಯವನ್ನು ಕಿತ್ತು ರೂಢಿಯಂತೆ ಬೇಲಿ ಆಚೆ ತಿಪ್ಪೆಗೆ ಎಸೆದರು. "ಒಂದು, ಎರಡು..."

ಕೆಂಪಿ ಮೂತಿ ಚಾಚಿ ಬಾನಿಯ ಅಂಚು ನೆಕ್ಕಿತು. ಎರಡೂ ಸೆಲ್ಲು ಕಲಗಚ್ಚಿನೊಳಗೆ ಬುಳಕ್.

"ಪೋಯಿಂದಿ! ಅಂತಾ ಪೋಯಿಂದಿ!" ಎಲ್ಲಾ ಹೋಯ್ತು ಅಂತ ತೆಲುಗಿನಲ್ಲಿ ಕೂಗಿಕೊಂಡರೇ ಹೊರತು ಎಣಿಸುವುದು ಬಿಡಲಿಲ್ಲ. "ಹದಿನಾಲ್ಕು, ಹದಿನೈದು..."

ನಾನು ಮೊಣಕೈವರೆಗೆ ಬಾನಿಗೆ ಕೈಹಾಕಿ ಹುಡುಕಿದೆ. ಸಿಕ್ಕಿದ್ದು ಬಾಳೆಹಣ್ಣಿನ ಸಿಪ್ಪೆ.

ಒಳಗೆ ಸೀರಿಯಲ್ ನೋಡುತ್ತಿದ್ದ ಅಜ್ಜಿ, "ಲೇ, ಏನ್ಲೇ ಅದು ಗಲಾಟೆ?" ಅಂದಳು.

"ಅಜ್ಜೀ, ಸೆಲ್ಲು! ಕೆಂಪಿ ದಿನ ಅಳಿಸೋಗ್ತದೆ!"

ಮಂಡಿನೋವಿನ ಅಜ್ಜಿ ಅಷ್ಟು ಜೋರಾಗಿ ಬಂದದ್ದನ್ನು ನಾನು ಆಮೇಲೂ ನೋಡಿಲ್ಲ. ಕೈಯಲ್ಲಿ ಟಿವಿ ರಿಮೋಟು. ಹಿಂದಿನ ಮುಚ್ಚಳಕ್ಕೆ ಅಂಟಿಸಿದ್ದ ಪ್ಲಾಸ್ಟರನ್ನು ಹಲ್ಲಲ್ಲೇ ಕಿತ್ತು, ಒಳಗಿನ ಎರಡೂ ಸೆಲ್ಲು ತೆಗೆದಳು. "ಇಡ್ಕಳಿ ಡಾಕ್ಟ್ರೇ, ಬ್ಯಾಗ ಹಾಕ್ರಿ!"

"ನಲವತ್ತೆಂಟು..." ಡಾಕ್ಟ್ರು ಗಡಿಬಿಡಿಯಲ್ಲಿ ಎರಡನ್ನೂ ತಿರುಗಾಮುರುಗಾ ಹಾಕಿದರು.

"ಪ್ಲಸ್ಸು ಆ ಕಡೆ ಸಾರ್! ಇಲ್ಕೊಡಿ!" ನಾನೇ ಕಸಿದುಕೊಂಡು ಹಾಕಿದೆ. ಅಂಥ ಮಷೀನಿನ ಒಳಗೆ ನಾನು ಮೊದಲ ಸಲ ಕೈಯಿಟ್ಟದ್ದು ಅವತ್ತೇ, ಅದೂ ಕಲಗಚ್ಚಿನ ಕೈ.

ಪರದೆ ಮೂಡಿತು. ಡಾಕ್ಟ್ರು ಕಡ್ಡಿಯಿಂದ ಕೆಳಗೆ ಕೆಳಗೆ ಹೋದರು. ಕೆಂಪಿ ಇದ್ದಳು.

"ಈ ಶುಕ್ರವಾರ" ಅಂದು ನೆಲದ ಮೇಲೇ ಕೂತುಬಿಟ್ಟರು.

ಶುಕ್ರವಾರ ಬೆಳಿಗ್ಗೆ ಅವರು ಪೀಂ ಪೀಂ ಅನ್ನುವ ಜೇಬಿನೊಂದಿಗೇ ಬಂದರು. ಈ ಕರುವೂ ನೆಟ್ಟಗಿರಲಿಲ್ಲ, ಒಂದು ಕಾಲು ಮಡಚಿಕೊಂಡಿತ್ತು. ತೋಳುದ್ದ ಕೈಹಾಕಿ ಕಾಲು ಸರಿಮಾಡಿ ಎಳೆದರು. ಹೆಣ್ಣು ಕರು. ಅಜ್ಜಿ ಕಣ್ಣೊರೆಸಿಕೊಂಡು ಅಂದದ್ದು, "ಅಂಗೇ ನನ್ನ ಸೆಲ್ಲು ಎಲ್ಲಿ ಡಾಕ್ಟ್ರೇ? ಸೀರಿಯಲ್ನಾಗೆ ಆ ಸೊಸೆ ಬಾಯ್ ಬುಡೋ ಟೇಮ್ನಾಗೆ ಕೊಟ್ಬುಟ್ನಲ್ಲ!"

ಡಾಕ್ಟ್ರು ತಕ್ಷಣ ಡೈರಿ ತೆಗೆದು, ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಬರೆದುಕೊಂಡರು: ಅಜ್ಜಿಗೆ ಎರಡು ಸೆಲ್ಲು. ಮುಂದಿನ ವಾರವೇ ತಂದುಕೊಟ್ಟರು. ಯುಗಾದಿಗೆ ಮತ್ತೆ ತಂದರು. ಗೌರಿ ಹಬ್ಬಕ್ಕೂ ತಂದರು.

"ಸಾರ್, ಕೊಟ್ಟಾಯ್ತಲ್ಲ, ಟಿಕ್ ಹೊಡೀರಿ" ಅಂದೆ.

"ಟಿಕ್ ಹೊಡುದ್ರೆ ಪಟ್ಟಿಯಿಂದ ಮಾಯ ಆಗ್ತದೆ ಕಣಮ್ಮ. ಆಮೇಲೆ ನಿಮ್ಮಜ್ಜಿ ಕೈ ಕಾಫಿಗೆ ಏನಂತ ಬರ್ಲಿ?"

ಆ ಡೈರಿ ಬಿಚ್ಚಿ ರಿಪೇರಿ ಮಾಡುವುದನ್ನು ಅವರೇ ನನಗೆ ಬಿಟ್ಟುಕೊಟ್ಟರು. "ಕೆಟ್ರೆ ಕೆಡ್ಲಿ, ಬಿಚ್ಚು" ಅನ್ನುತ್ತಿದ್ದರು. ಆದರೆ ಮೊದಲು ನನ್ನ ಕೈಯಿಂದ ಹಸುಗಳ ಪಟ್ಟಿಯನ್ನೆಲ್ಲ ನೋಟ್‌ಬುಕ್ಕಿಗೆ ಬರೆಸುತ್ತಿದ್ದರು. ಉಳಿದದ್ದನ್ನು ವೀಡಿಯೊ ನೋಡಿ ನೋಡಿ ಕಲಿತೆ. ಈಗ ನನ್ನ ಮೇಜಿನ ಮೇಲೆ ಯಾರ‍್ಯಾರೋ ರಿಪೇರಿಗೆ ಕಳಿಸಿದ ಏಳು ಹಳೇ ಡೈರಿಗಳಿವೆ. ಐದಕ್ಕೆ ಜೀವ ಬಂದಿದೆ.

ಎಂಟನೆಯದು ಅವರದ್ದು. ಹೋದ ವರ್ಷ ಅವರು ತೀರಿಕೊಂಡ ಮೇಲೆ ಅವರ ಮಗಳು ತಂದುಕೊಟ್ಟರು, ರಬ್ಬರ್ ಬ್ಯಾಂಡು, ಊದುಬತ್ತಿ ಕಡ್ಡಿ ಸಮೇತ. ಪಟ್ಟಿಯಲ್ಲಿ ಅಜ್ಜಿಯ ಸೆಲ್ಲು ಹಾಗೇ ಇದೆ. ನಾನೂ ಟಿಕ್ ಹೊಡೆದಿಲ್ಲ.

ತಿಂಗಳಿಗೊಮ್ಮೆ ಅದರ ಸೆಲ್ಲು ಬದಲಿಸುತ್ತೇನೆ. ಚಪ್ಪಲಿ ಬಿಟ್ಟು, ಕೈ ತೊಳೆದು ಕೂತರೆ ಅಜ್ಜಿ ಸೀರಿಯಲ್ ಬಿಟ್ಟು ಪಕ್ಕಕ್ಕೆ ಬರುತ್ತಾಳೆ. ರಿಮೋಟಿನ ಪ್ಲಾಸ್ಟರ್ ಆಗಲೇ ಕಿತ್ತಿರುತ್ತಾಳೆ.

"ಹೂಂ, ಬಿಚ್ಚು. ನಾನಿಲ್ವಾ?" ಅನ್ನುತ್ತಾಳೆ.

ನಾನು ಗಟ್ಟಿಯಾಗಿ ಎಣಿಸಲು ಶುರು ಮಾಡುತ್ತೇನೆ.