ತೌಡಿಗೆ ಕೊಂಡ ಕೂಸು

ಮಗು ಮಾತಾಡುವುದಿಲ್ಲ, ಆದ್ದರಿಂದ ತಾಯಿಯನ್ನು ಕೇಳಿ ಎಂದು ಮದರಾಸಿನಲ್ಲಿ ನಮಗೆ ವೈದ್ಯ ಕಲಿಸಿದವರು ಪದೇ ಪದೇ ಹೇಳುತ್ತಿದ್ದರು. ತಾಯಿಯೇ ಮಗು ತನ್ನದಲ್ಲವೆಂದು ಹಟ ಹಿಡಿದರೆ ಯಾರನ್ನು ಕೇಳಬೇಕೆಂದು ಮಾತ್ರ ಹೇಳಿರಲಿಲ್ಲ. ಆ ಪಾಠ ನನಗೆ ರಾಯದುರ್ಗದ ದವಾಖಾನೆಯಲ್ಲಿ ಆಯಿತು.

ಯುದ್ಧದ ಕಾಲ. ಚಳಿಜ್ವರದ ಕ್ವಿನೈನ್ ಸಿಗುವುದು ಕಷ್ಟ. ನ್ಯುಮೋನಿಯಾಕ್ಕೆ ಹೊಸದಾಗಿ ಬಂದಿದ್ದ ಸಲ್ಫಾ ಮಾತ್ರೆಗಳು ನನ್ನ ಬೀರುವಿನಲ್ಲಿ ಒಂದು ಪುಟ್ಟ ಸೀಸೆಯ ತಳದಲ್ಲಿದ್ದವು. ಎರಡನ್ನೂ ನಾನು ದೇವರ ವಿಗ್ರಹದಂತೆ ಬೇರೆ ಬೇರೆ ಬೀಗ ಹಾಕಿ ಕಾಯುತ್ತಿದ್ದೆ. ಹೀಗಾಗಿ ಯಾವ ಮಗು ಬಂದರೂ ಅದಕ್ಕೆ ಬಂದಿರುವುದು ಚಳಿಜ್ವರವೋ ಪಕ್ಕೆ ಹಾರುವ ರೋಗವೋ ಎಂಬುದನ್ನು ಮೊದಲು ತೀರ್ಮಾನಿಸದೆ ಯಾವುದನ್ನೂ ಮುಟ್ಟುವಂತಿರಲಿಲ್ಲ.

ಒಂದು ಬೆಳಿಗ್ಗೆ ಕಣೇಕಲ್ಲಿನ ಕಡೆಯಿಂದ ಗಾಡಿಯಲ್ಲಿ ಇಬ್ಬರು ಹೆಂಗಸರು ಬಂದರು. ತಲೆ ಪೂರಾ ನೆರೆತ ಮುದುಕಿಯ ತೋಳಲ್ಲಿ ಒಂದು ಗಂಡು ಕೂಸು, ವರ್ಷ ತುಂಬಿರಬಹುದು. ಮೂಗು ಚುಚ್ಚಿಸಿ ತಾಮ್ರದ ತಂತಿ ಸಿಕ್ಕಿಸಿದ್ದರು. ಜೊತೆಗೆ ಬಂದ ಹರೆಯದವಳು ಒಳಗೆ ಬರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ, ಬೀದಿಯ ಕಡೆ ಮುಖ ಮಾಡಿ, ಗಾಡಿಯ ಎತ್ತುಗಳನ್ನು ನೋಡುತ್ತ ನಿಂತಳು.

ಕೂಸಿನ ಮೈ ಸುಡುತ್ತಿತ್ತು. ಕಣ್ಣಿನ ಒಳಗೆ ರಕ್ತದ ಕಳೆಯೇ ಇಲ್ಲ. ಹೊಟ್ಟೆಯ ಎಡಕ್ಕೆ, ಚಳಿಜ್ವರಕ್ಕೆ ಊದುವ ಜ್ವರಗಡ್ಡೆ ಕೈಗೆ ಸಿಕ್ಕಿತು. ಆದರೆ ಕಣೇಕಲ್ಲು ಕೆರೆಯ ಸುತ್ತಲಿನ ಯಾವ ಮಗುವಿನ ಹೊಟ್ಟೆ ಮುಟ್ಟಿದರೂ ಜ್ವರಗಡ್ಡೆ ಸಿಗುತ್ತಿತ್ತು. ಅದು ಸಾಕ್ಷಿಯೇ ಅಲ್ಲ. ಉಸಿರು ಬೇಗ ಬೇಗ ಆಡುತ್ತಿತ್ತು, ಆದರೆ ಜ್ವರ ಏರಿದ ಮಗುವಿನ ಉಸಿರು ಹೇಗೂ ಬೇಗ ಆಡುತ್ತದೆ. ಜ್ವರ ಎಂದಿನಿಂದ, ದಿನ ಬಿಟ್ಟು ದಿನವೋ ಬಿಡದೆಯೋ, ನಡುಕ ಇತ್ತೇ ಎಂದು ಮುದುಕಿಯನ್ನು ಕೇಳಿದೆ.

"ನನಗೇನ್ ಗೊತ್ರಿ," ಎಂದಳು. "ಎಮ್ಮಿ ವಿಷಯ ಕೇಳ್ರಿ, ಹೇಳ್ತೀನಿ."

"ನಿಮ್ಮ ಕೂಸಲ್ವೇನಮ್ಮ?"

"ನಂದ ರಿ. ಒಂದ್ ಮೊರ ತೌಡು ಕೊಟ್ಟು ತಗಂಡೀನಿ."

ನಾನು ಮಡಕಶಿರಾ ಸೀಮೆಯವನಾದರೂ ಈ ಪದ್ಧತಿ ಗೊತ್ತಿಲ್ಲದವನೇನಲ್ಲ. ಹುಟ್ಟಿದ ಮಕ್ಕಳು ಒಂದರ ಹಿಂದೆ ಒಂದು ತೀರಿಕೊಂಡ ಮನೆಯಲ್ಲಿ ಮತ್ತೊಂದು ಹುಟ್ಟಿದರೆ ಅದರ ಮೂಗು ಚುಚ್ಚಿಸಿ, ತಿಪ್ಪೆಯ ಮೇಲೆ ಹೊರಳಿಸಿ ಎಸೆದಂತೆ ಮಾಡುತ್ತಾರೆ. ಮಕ್ಕಳು ಉಳಿದಿರುವ ನೆರೆಯವಳು ತೌಡು ಕೊಟ್ಟು ಕೊಂಡುಕೊಳ್ಳುತ್ತಾಳೆ. ಅಂದಿನಿಂದ ಹೆತ್ತವಳು ಅದನ್ನು ತನ್ನದೆನ್ನುವಂತಿಲ್ಲ. ಮಕ್ಕಳನ್ನು ಒಯ್ಯಲು ಹುಡುಕಿಕೊಂಡು ಬರುತ್ತದಲ್ಲ, ಅದಕ್ಕೆ ವಿಳಾಸ ತಪ್ಪಬೇಕು, ಅಷ್ಟೇ. ಅದರ ಹೆಸರನ್ನು ಯಾರೂ ಹೇಳುವುದಿಲ್ಲ.

ಜಗಲಿಗೆ ಹೋಗಿ ಹರೆಯದವಳನ್ನು ಕೇಳಿದೆ. ಅದು ತನ್ನದಲ್ಲ, ಗಾಡಿ ಬರುತ್ತಿತ್ತೆಂದು ಸುಮ್ಮನೆ ಜೊತೆಗೆ ಬಂದೆ ಎಂದಳು. ಅವಳ ರವಿಕೆಯ ಎದೆಭಾಗ ಹಾಲಿನಿಂದ ಒದ್ದೆಯಾಗಿತ್ತು. ಇಂಗ್ಲಿಷರ ವಿಜ್ಞಾನದ ಪರವಾಗಿ ನಾನು ಸಣ್ಣದೊಂದು ಭಾಷಣ ಮಾಡಿದೆ. ಎತ್ತುಗಳು ಕೇಳಿಸಿಕೊಂಡವು. ಆಮೇಲೆ ಬೈದೆ. ಅವಳು ಅಲುಗಲಿಲ್ಲ. ಒಳಗೆ ಕೂಸು ನರಳಿದ್ದು ಕೇಳಿಸಿ ಅವಳ ಕಾಲ ಬೆರಳುಗಳು ಮಾತ್ರ ನೆಲವನ್ನು ಕಚ್ಚಿ ಹಿಡಿದವು.

ಅದನ್ನು ಕಂಡ ಮೇಲೆ ನನಗೆ ಬುದ್ಧಿ ಬಂತು. ನಾನೂ ಎತ್ತುಗಳ ಕಡೆ ತಿರುಗಿ ನಿಂತೆ. ಪಕ್ಕದ ಮನೆಯವರ ಕಿವಿಗೆ ಎಷ್ಟೋ ಸಂಗತಿಗಳು ಬೀಳುತ್ತವಲ್ಲ, ಈ ಮುದುಕಿಯ ಕೂಸು ನಡುಗಿದ್ದು ಏನಾದರೂ ಗೊತ್ತೇ ಎಂದು ವಿಚಾರಿಸಿದೆ.

ಅವಳು ಪಕ್ಕದ ಮನೆಯವಳಾಗಿ ಎಲ್ಲವನ್ನೂ ಹೇಳಿದಳು. ದನ ಮೇಯಲು ಹೊರಡುವ ಹೊತ್ತಿಗೆ ನಡುಕ, ಮಧ್ಯಾಹ್ನ ಜ್ವರ, ಸಂಜೆಗೆ ಬೆವರಿ ನಗು. ಮರುದಿನ ಆಟ, ಅದರ ಮರುದಿನ ಮತ್ತೆ ನಡುಕ. ಆದರೆ ಮೊನ್ನೆಯಿಂದ ಜ್ವರ ಇಳಿದೇ ಇಲ್ಲ. ಮೂಗಿನ ಹೊಳ್ಳೆಗಳು ಅಗಲವಾಗುತ್ತವೆ, ಪಕ್ಕೆ ಒಳಕ್ಕೆ ಎಳೆಯುತ್ತದೆ.

"ನಿನ್ನಿ ರಾತ್ರಿಯಿಂದ ಮೊಲಿ ಹಿಡಿಯವಲ್ದು," ಎಂದಳು. ಎದೆಯ ಮೇಲೆ ಸೆರಗೆಳೆದುಕೊಂಡು, "ಅಂತ ಮುದುಕಿ ಹೇಳ್ತಿದ್ಲು," ಎಂದು ಸೇರಿಸಿದಳು.

ಮೊಮ್ಮಕ್ಕಳ ಮದುವೆ ಮಾಡಿರಬಹುದಾದ ಮುದುಕಿಯ ಎದೆಹಾಲಿನ ವಿಚಾರವನ್ನು ನಾನು ಗಂಭೀರವಾಗಿಯೇ ಒಪ್ಪಿಕೊಂಡೆ. ಒಳಗೆ ಹೋಗಿ ಬೆನ್ನಿಗೆ ಸ್ಟೆತಾಸ್ಕೋಪಿನ ಕೊಳವೆ ಇಟ್ಟು, ಈ ಸಲ ಏನನ್ನು ಹುಡುಕಬೇಕೆಂದು ತಿಳಿದು ಕೇಳಿದೆ. ಬಲಗಡೆ ಕೆಳಗೆ, ಉಪ್ಪು ಹುರಿದಂಥ ಸಣ್ಣ ಸದ್ದು. ಚಳಿಜ್ವರದ ಮೇಲೆ ನ್ಯುಮೋನಿಯಾ. ಎರಡೂ ಬೀಗ ತೆಗೆಯಬೇಕಾಯಿತು.

ಮಾತ್ರೆ ಪುಡಿ ಮಾಡಿ ಪೊಟ್ಟಣ ಕಟ್ಟಿದೆ. ಯಾವ ಹೊತ್ತಿಗೆ ಎಷ್ಟು, ಎದೆಹಾಲನ್ನು ಹಿಂಡಿ ಒಳಲೆಯಲ್ಲಿ ಹೇಗೆ ಕುಡಿಸಬೇಕು, ನೀರನ್ನು ಯಾಕೆ ನಿಲ್ಲಿಸಬಾರದು, ಹೊಟ್ಟೆಗೆ ಬರೆ ಯಾಕೆ ಹಾಕಬಾರದು ಎಂದು ಮುದುಕಿಗೆ ಉಪದೇಶ ಮಾಡಿದೆ. ಉಪದೇಶವೆಲ್ಲ ಕಿಟಕಿಯ ಕಡೆಗೆ, ಜಗಲಿಗೆ ಕೇಳುವಷ್ಟು ದನಿಯಲ್ಲಿ. ಮುದುಕಿ ತಲೆಯಾಡಿಸುತ್ತ ಎಲೆಯಡಿಕೆ ಜಗಿದಳು. "ಡಾಕ್ಟ್ರ, ನನಗ ಕಿವಿ ಚೆಂದ ಕೇಳ್ತಾವ್ರಿ," ಎಂದು ಒಂದು ಸಲ ಎಚ್ಚರಿಸಿದಳು.

ಹೊರಡುವಾಗ ಹರೆಯದವಳ ಪಕ್ಕದಲ್ಲಿ ನಿಂತು, ಚೆನ್ನಾಗಾಗ್ತಾನೆ ಎನ್ನಲು ಬಾಯಿ ತೆರೆದೆ. ಅವಳು ಮೊದಲ ಸಲ ನನ್ನ ಮುಖ ನೋಡಿದಳು.

"ಅನಬ್ಯಾಡ್ರಿ."

"ಯಾಕಮ್ಮ?"

"ಮೂರ್ ಸಲಾನೂ ಹಂಗ ಅಂದಿದ್ರು ರಿ. ಅದು ಕೇಳಿಸ್ಕೊಂತೈತಿ."

ಆಗ ಬಿಸಿಲು ಚೆನ್ನಾಗಿತ್ತು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಆದರೂ ನಾನು ಬಾಯಿ ಮುಚ್ಚಿದೆ. ಮುಚ್ಚಿದ್ದಲ್ಲದೆ, ಹಾಳು ಕೂಸು, ಯಾರದೋ ಏನೋ ಎಂದು ಬೀದಿಗೆ ಕೇಳುವಂತೆ ಗೊಣಗಿದೆ. ಅವಳ ಹೆಗಲು ಸ್ವಲ್ಪ ಇಳಿಯಿತು. ನನ್ನ ವೃತ್ತಿಯಲ್ಲಿ ಅಷ್ಟು ಬೇಗ ಕೆಲಸ ಮಾಡಿದ ಔಷಧ ಬೇರೆಯಿಲ್ಲ.

ಅವರು ಮತ್ತೆ ಬರಲಿಲ್ಲ. ಸತ್ತರೆ ಯಾರೂ ಬಂದು ಹೇಳುವುದಿಲ್ಲ. ಬದುಕಿದರೆ ಹೇಳುವುದು ಇನ್ನೂ ಅಪಾಯ. ಮಡಕಶಿರಾಕ್ಕೆ ವರ್ಗವಾದ ಹುಕುಂ ಬಂದ ಮೇಲೆ, ಏನೋ ನೆಪ ಮಾಡಿಕೊಂಡು ಕಣೇಕಲ್ಲಿಗೆ ಹೋದೆ. ಕೆರೆಯ ಕೆಳಗಿನ ಗದ್ದೆಯಲ್ಲಿ ಹೆಂಗಸರ ಸಾಲು ಕಳೆ ಕೀಳುತ್ತಿತ್ತು. ಅವಳನ್ನು ಗುರುತು ಹಿಡಿದು ಬದುವಿನ ಮೇಲೆ ನಿಂತು, ಆ ಕೂಸು ಹೇಗಿದೆ ಎಂದೆ.

"ಯಾವ ಕೂಸ್ರಿ?" ಎಂದಳು. "ನನಗ ಮಕ್ಕಳಿಲ್ಲ."

ಕೂಸು ಬದುಕಿದ್ದರೂ ಅವಳು ಹೇಳಬೇಕಾದ ಮಾತು ಅದೇ, ಹೋಗಿದ್ದರೂ ಅದೇ. ದನಿಯಲ್ಲಿ ಏನಾದರೂ ಸಿಗುತ್ತದೆಯೇ ಎಂದು ಬೆನ್ನಿಗೆ ಕೊಳವೆ ಇಟ್ಟವನಂತೆ ಕಿವಿಗೊಟ್ಟೆ. ಏನೂ ಸಿಗಲಿಲ್ಲ. ಅವಳು ಬಗ್ಗಿ ಮತ್ತೆ ಸಾಲು ಹಿಡಿದಳು.

ಮುದುಕಿಯ ಮನೆ ಎಲ್ಲಿ ಎಂದು ಪಕ್ಕದ ಹೆಂಗಸೊಬ್ಬಳು ತಾನಾಗಿಯೇ ಹೇಳಿದಳು. ಊರ ಮುಂದಿನ ಬೇವಿನ ಮರ ದಾಟಿದರೆ ಸಿಗುತ್ತದಂತೆ. ಮರದವರೆಗೆ ಹೋದೆ. ಬಾಗಿಲು ತೆರೆದಿತ್ತು. ಒಳಗೆ ಯಾರೋ ಏನನ್ನೋ ಕುಟ್ಟುತ್ತಿದ್ದರು. ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಆದರೆ ಆ ಉತ್ತರ ನನ್ನೊಬ್ಬನ ಕಿವಿಗೇ ಬೀಳುತ್ತದೆಂಬ ಧೈರ್ಯ ಬರಲಿಲ್ಲ. ಜಟಕಾದವನಿಗೆ ರಾಯದುರ್ಗದ ಕಡೆ ತಿರುಗಿಸು ಎಂದೆ. ಬಂದ ಕೆಲಸ ಆಯ್ತೇನ್ರಿ ಎಂದು ಅವನು ಕೇಳಿದ. ನನಗೆ ಈ ಊರಲ್ಲಿ ಏನೂ ಕೆಲಸವಿಲ್ಲ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.