ಉಳಿದ ಟೇಪಿನ ಹಾಡು

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ ನಾವು ಆ ಹಾಡನ್ನು ರೆಕಾರ್ಡ್ ಮಾಡಿದ್ದು ಒಂದು ಭಾನುವಾರ ಮಧ್ಯಾಹ್ನ. ನನ್ನ ಡೈರಿಯಲ್ಲಿ ಇರುವುದು ಇಷ್ಟೇ: 'ಭಾನುವಾರ. ಕರೆಂಟು ಇತ್ತು. ಹಾಡು ಆಯಿತು.' ನಮ್ಮ ಹೊಲಕ್ಕೆ ಕಾಲುವೆ ನೀರು ಬರತೊಡಗಿ ಆಗ ಕೆಲವು ವರ್ಷವಾಗಿತ್ತು. ನಾನು ಪಿಯುಸಿ ಓದುತ್ತಿದ್ದೆ. ಬರೆಯದೆ ಮಲಗುತ್ತಿರಲಿಲ್ಲ.

ಕಾಲುವೆ ಗೇಟಿನ ಕೆಲಸಕ್ಕಿದ್ದ ನಮ್ಮ ಕಾಕಾ, ಅಪ್ಪನ ತಮ್ಮ, ಏಕತಾರಿ ಹಿಡಿದು ಹಾಡಿದ. ಸರ್ವೆ ಆಫೀಸಿಗೆ ಕರಾವಳಿ ಕಡೆಯಿಂದ ಬಂದಿದ್ದ ಒಬ್ಬ ಸರ್ ಗಿಟಾರ್ ನುಡಿಸಿದರು. ಡಾಂಬರಿನ ಖಾಲಿ ಡ್ರಮ್ಮನ್ನು ಬೋರಲು ಹಾಕಿ ಬಾರಿಸಿದವಳು ನಾನು. ತತ್ವಪದದ ಧಾಟಿಗೆ ಗಿಟಾರ್ ಸೇರಿ ಹಾಡು ಓಡತೊಡಗಿತು.

ಬಂತೋ ಬಂತೋ ಹೊಳಿಯ ನೀರು ಬಾಗಿಲಿಗೇ ಬಂತೋ,
ಕೊಡ ಹೊತ್ತ ತಲಿಯ ಮ್ಯಾಲ ಹೂವ ಮುಡಿಯೋ ಹೊತ್ತೋ.

ಕಾಕಾನ ನಾಲ್ಕು ನುಡಿ ಮುಗಿದಾಗ, ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ನಮ್ಮ ಆಯಿ, ಅಪ್ಪನ ತಾಯಿ, ಯಾರೂ ಕೇಳದೆ ಐದನೆಯ ನುಡಿ ಎತ್ತಿಬಿಟ್ಟಳು. ಆ ಕ್ಷಣಕ್ಕೆ ಕಟ್ಟಿದ ನುಡಿ. ಕಾಕಾ ನಕ್ಕು ನಕ್ಕು ಗೋಡೆಗೆ ಒರಗಿದ. ಡ್ರಮ್ಮಿನ ಸದ್ದಿನಲ್ಲಿ ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ.

ಸದ್ದು ಸ್ವಲ್ಪ ಸ್ವಚ್ಛ ಮಾಡಿಕೊಡಲೆಂದು ಕಾಕಾ ಅದೇ ಸಂಜೆ ಕ್ಯಾಸೆಟನ್ನು ಶಹಾಪುರದ ರೆಕಾರ್ಡಿಂಗ್ ಅಂಗಡಿಗೆ ಕೊಟ್ಟ. ಅದು ಅಲ್ಲೇ ಒಂದು ತಿಂಗಳು ಉಳಿಯಿತು. ಅಷ್ಟರಲ್ಲಿ ಗಿಟಾರ್ ಸರ್‌ಗೆ ಬೇರೆ ಕ್ಯಾಂಪಿಗೆ ವರ್ಗವಾಯಿತು. ವಾಪಸು ಬಂದ ಕ್ಯಾಸೆಟನ್ನು ನಮ್ಮ ಟೇಪ್ ರೆಕಾರ್ಡರ್ ಮೊದಲ ಸಲಕ್ಕೇ ಎಳೆದು ನುಂಗಿತು. ಕಾಕಾ ಪೆನ್ಸಿಲ್ ಹಾಕಿ ತಿರುಗಿಸಿದ, ಇಸ್ತ್ರಿ ಮಾಡಿ ನೋಡಿದ. ಇಸ್ತ್ರಿ ಮಾಡಿದ ಮೇಲೆ ಇದ್ದದ್ದೂ ಹೋಯಿತು.

ಹಾಡು ಸತ್ತಿತು ಅಂದುಕೊಂಡೆವು. ಒಂದು ದಿನ ಗೋಗಿಗೆ ಹೋಗುವ ಟಂಟಂ ಆಟೋದಲ್ಲಿ ಕೂತಿದ್ದೆ. ಯಾರದೋ ಮದುವೆ ಹಾಡುಗಳ ಕ್ಯಾಸೆಟ್ ಮುಗಿಯುತ್ತಲೇ ನನ್ನ ಡ್ರಮ್ಮಿನ ಸದ್ದು ಬಂತು! ಎರಡನೆಯ ನುಡಿಯ ನಡುವೆ ಟಕ್ ಎಂದು ನಿಂತಿತು. ಆಮೇಲೆ ಯಾದಗಿರಿ ಸ್ಟೇಷನ್ ಎದುರಿನ ಚಾದಂಗಡಿಯಲ್ಲಿ ಕೇಳಿದೆ, ಹತ್ತಿಕುಣಿಯ ಒಂದು ಲಗ್ನದಲ್ಲಿ ಕೇಳಿದೆ. ಎಲ್ಲ ಕಡೆಯೂ ಬೇರೆ ಹಾಡುಗಳ ಬಾಲಕ್ಕೆ ಅಂಟಿಕೊಂಡಿರುತ್ತಿತ್ತು, ಎಲ್ಲ ಕಡೆಯೂ ನಡುವೆ ತುಂಡಾಗುತ್ತಿತ್ತು. ಎಲ್ಲಿ ಯಾವ ಮಾತಿಗೆ ತುಂಡಾಯಿತೆಂದು ಡೈರಿಯಲ್ಲಿ ಗೆರೆ ಎಳೆದು ಬರೆಯುತ್ತ ಹೋದೆ.

ಕಾಕಾ ಜಗಳಕ್ಕೆಂದು ಅಂಗಡಿಗೆ ಹೋದ. ನಾನೂ ಹೋದೆ.

"ಭಾಯಿ, ನಮ್ಮ ಹಾಡು ಊರಿಗೆಲ್ಲ ಯಾಕ ಹಂಚೀರಿ?"

"ಅರೆ ಸಾಬ್, ಗಿರಾಕಿ ಹಾಡಿನ ಚೀಟಿ ಕೊಡ್ತಾನ, ನಾ ತುಂಬತೀನಿ. ಕಡೀಕ ಟೇಪ್ ಖಾಲಿ ಉಳದ್ರ, ಮೋಸ ಮಾಡೀಯಲ್ಲೋ ಅಂತ ಬೈತಾನ. ಉಳದಿದ್ದಕ್ಕ ಏನರೆ ತುಂಬಬೇಕಲ್ಲ? ಆ ತಿಂಗಳು ಕೈಗೆ ನಿಮ್ಮದ ಸಿಕ್ತು. ಮಂದಿ ಈಗ ಅದನ್ನ ಕೇಳ್ಲಾಕತ್ಯಾರ. ನನ್ನ ಮ್ಯಾಲ ಯಾಕ ಸಿಟ್ಟು?"

ಮಂದಿ ಕೇಳುತ್ತಿದ್ದಾರೆ ಎಂದದ್ದೇ ತಡ, ಕಾಕಾನ ಸಿಟ್ಟು ಇಳಿಯಿತು. ಅಂಗಡಿಯ ಭಾಯಿ ಚಹಾ ತರಿಸಿದರು.

ಆದರೆ ಮನೆಯಲ್ಲಿ ಆಯಿಯ ಸಂಕಟ ದೊಡ್ಡದಾಗುತ್ತಿತ್ತು. ಕಾಲುವೆ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರೆಲ್ಲ, "ನಿನ್ನ ಮಗ ಚಲೋ ಹಾಡ್ಯಾನವ್ವಾ" ಎನ್ನುತ್ತಿದ್ದರು. ಅದರಲ್ಲಿ ತಾನೂ ಇದ್ದೇನೆ ಎಂದು ಆಯಿ ಹೇಳಿದರೆ, "ಎಲ್ಲಿ ಅದ ನಿನ್ನ ನುಡಿ? ನೀರಾಗ ಹೋತೇನು?" ಎಂದು ನಗುತ್ತಿದ್ದರು. ಹಾಡಿ ತೋರಿಸೋಣವೆಂದರೆ ಅವಳಿಗೆ ನೆನಪಿರಲಿಲ್ಲ. ಒಂದು ಸಲ ಕಟ್ಟಿದ್ದನ್ನು ಅವಳು ಮತ್ತೆ ಹಾಡಿದವಳೇ ಅಲ್ಲ.

"ಯಾರಿಗೋ ಬೈದಿದ್ದಿ, ಅಷ್ಟ ನೆನಪದ," ಎಂದ ಕಾಕಾ.

"ನಾ ಯಾರಿಗಿ ಬೈತೀನೋ? ಬಾಯಿ ಮುಚ್ಚು."

ಬರಬರುತ್ತ ಅವಳು ರೊಟ್ಟಿ ಬಡಿಯುವಾಗಲೂ ಹಾಡುವುದನ್ನು ಬಿಟ್ಟಳು. ಬರೀ ರೊಟ್ಟಿಯ ಸಪ್ಪಳ ಕೇಳಿ ನನಗೆ ತಡೆಯಲಾಗಲಿಲ್ಲ. ಭಾಯಿ ತಮ್ಮಲ್ಲಿ ಪೂರ್ತಿ ಹಾಡಿನ ಪ್ರತಿ ಇಟ್ಟುಕೊಂಡಿರಲಿಲ್ಲ. ಮತ್ತೆ ಅಂಗಡಿಗೆ ಹೋಗಿ, ಐದು ನುಡಿಯೂ ಹಿಡಿಸುವಷ್ಟು ಟೇಪ್ ಯಾರ ಕ್ಯಾಸೆಟ್ಟಿನಲ್ಲಿ ಉಳಿದಿತ್ತೆಂದು ಕೇಳಿದೆ.

ಭಾಯಿ ತಲೆ ಕೆರೆದುಕೊಂಡರು. "ಉಳದಿದ್ದಲ್ಲ ಬೇಟಾ. ಒಬ್ಬಾಕಿ ಮುದುಕಿ ಬಂದಿದ್ಳು, ಸುರಪುರದಾಕಿ. ಬಳಿ ಅಂಗಡಿ ಅದ ಅಂದ್ಳು. ನಾ ಇಲ್ಲಿ ಈ ಹಾಡು ಹಚ್ಚಿದ್ದೆ. ಕಡೀತನಕ ನಿಂತು ಕೇಳಿ, ಬ್ಯಾರೆ ಏನೂ ಬ್ಯಾಡ, ಇದನ್ನಷ್ಟ ಪೂರಾ ತುಂಬಿಕೊಡು ಅಂದ್ಳು."

ಸುರಪುರದಲ್ಲಿ ಬಳೆ ಅಂಗಡಿ ಇದ್ದದ್ದು ಆಯಿಯ ತಂಗಿಗೆ. ನಮಗೆ ಸಣ್ಣಾಯಿ. ಕಾಲುವೆ ನೀರಿನಲ್ಲಿ ಮೊದಲ ಶೇಂಗಾ ಬೆಳೆದ ವರ್ಷ ಬಂದುಹೋದವಳು, ಅಕ್ಕನೊಡನೆ ಏನೋ ಮಾತಾಗಿ ಮತ್ತೆ ನಮ್ಮ ಕಡೆ ಬಂದಿರಲಿಲ್ಲ.

ಮರುದಿನವೇ ಕಾಕಾ ಮತ್ತು ನಾನು ಸುರಪುರದ ಬಸ್ಸು ಹಿಡಿದೆವು. ಸಣ್ಣಾಯಿ ನಮ್ಮನ್ನು ನೋಡಿದ್ದೇ, "ಬರ್ರಿ, ಯಾಕ ಬಂದೀರಿ ಗೊತ್ತದ" ಎಂದು ಟೇಪ್ ರೆಕಾರ್ಡರ್ ಹಚ್ಚಿದಳು. ಐದನೆಯ ನುಡಿಗೆ ಕ್ಯಾಸೆಟ್ಟಿನ ಜೊತೆ ತಾನೂ ದನಿ ಎತ್ತಿದಳು.

ಬರದಾಗ ಮರತ ತಂಗಿ ನಮ್ಮ ಬದುವಿಗಿ ಬಂದಾಳೋ,
ಶೇಂಗಾ ಕೊಟ್ಟರ ಒಲ್ಲೆ ಅಂದಾಳ, ಚೀಲ ತಂದಾಳೋ.

ಕಾಕಾ ನೆಲ ನೋಡುತ್ತ ಕೂತ. ಸಣ್ಣಾಯಿಯ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಚೀಲ ತಂದಿದ್ದು ಖರೇನ ಅದ. ಆದ್ರ ಒಂದ ಸಲ ಒಲ್ಲೆ ಅನ್ನದ ಹೆಂಗ ಇಸಗೋಬೇಕು? ಅಷ್ಟೂ ತಿಳೀಲಿಲ್ಲ ಅಕಿಗಿ."

ಕ್ಯಾಸೆಟ್ ಕೊಡು ಎಂದೆವು.

"ಕೊಡಂಗಿಲ್ಲ. ಬೈದಾಕಿನ್ನ ಕಳಸ್ರಿ. ಬಂದು ಕೇಳಿ ಒಯ್ಯಲಿ."

ಈ ಮಾತು ಹೇಳಿದಾಗ ಆಯಿ ಒಲೆಯ ಮುಂದೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಮುಂದಿನ ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ, ಅವಳು ಇಳಕಲ್ ಸೀರೆ ಉಟ್ಟು ಶೇಂಗಾ ಚೀಲದ ಬಾಯಿ ಹೊಲಿಯುತ್ತಿದ್ದಳು.

ಸುರಪುರದಲ್ಲಿ ಚೀಲವನ್ನು ಬಾಗಿಲಲ್ಲಿ ಇಳಿಸಿದಾಗ ಸಣ್ಣಾಯಿ, "ಒಲ್ಲೆ, ಇದೆಲ್ಲ ಯಾಕ ತರಾಕ ಹೋಗಿದ್ದಿ?" ಎಂದಳು.

"ಈ ಸಲ ಚೀಲಾ ನಾನ ತಂದೀನಿ, ತಗೋ," ಎಂದಳು ಆಯಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಬಳೆ ಇಡಿಸಿಕೊಳ್ಳಲು ಬಂದಿದ್ದ ಗಿರಾಕಿಗಳು ಕಾಯುತ್ತಲೇ ಇದ್ದರು. ಆಯಿ ತನ್ನ ನುಡಿಯನ್ನು ಮತ್ತೆ ಮತ್ತೆ ಹಚ್ಚಿಸಿ ಕೇಳಿ, ದನಿ ಸ್ವಲ್ಪ ನಡುಗಿದೆ, ಈಗಾದರೆ ಇನ್ನೂ ಚಲೋ ಹಾಡುತ್ತೇನೆ ಎಂದಳು. ಎರಡೂ ಕೈಗೆ ಹೊಸ ಹಸಿರು ಬಳೆ ಇಡಿಸಿಕೊಂಡು ಕ್ಯಾಸೆಟನ್ನು ಸೆರಗಿಗೆ ಕಟ್ಟಿಕೊಂಡಳು.

ವಾಪಸು ಬರುವಾಗ ಶಹಾಪುರದಲ್ಲಿ ಇಳಿಯೋಣವೆಂದು ಅವಳೇ ಹಟ ಹಿಡಿದಳು. ನೇರ ರೆಕಾರ್ಡಿಂಗ್ ಅಂಗಡಿಗೆ ಹೋಗಿ ಕ್ಯಾಸೆಟನ್ನು ಮೇಜಿನ ಮೇಲಿಟ್ಟಳು.

"ತಮ್ಮಾ, ಉಳಿದ ಟೇಪಿಗಿ ಇದನ್ನ ತುಂಬತಿ ಹೌದಿಲ್ಲ?"

"ಬ್ಯಾಡಂದ್ರ ಬಿಡ್ತೀನಿ ಅಮ್ಮಾ."

"ಬಿಡಬ್ಯಾಡ. ಮೊದಲ ನನ್ನ ನುಡಿ ಹಾಕು. ಆಮ್ಯಾಲ ಜಾಗ ಉಳದ್ರ ಇವಂದು ಹಾಕು."

ಕಾಕಾ ಬಾಯಿ ತೆರೆದ. ಭಾಯಿ ಆಗಲೇ ತಲೆಯಾಡಿಸಿಯಾಗಿತ್ತು.

ಮುಂದಿನ ಲಗ್ನದ ಸೀಜನ್ನಿನಲ್ಲಿ ಗೋಗಿಯ ಟಂಟಂನಲ್ಲಿ ಸೋಬಾನೆ ಹಾಡು ಮುಗಿಯಿತು. ನನ್ನ ಡ್ರಮ್ಮು ಬಂತು, ಆಯಿಯ ನುಡಿಯಲ್ಲಿ ತಂಗಿ ಚೀಲ ಹಿಡಿದು ಬಂದಳು, ಹಿಂದೆ ಕೂತ ಹೆಂಗಸರು ನಕ್ಕರು. ಆಮೇಲೆ ಕಾಕಾ ಶುರು ಮಾಡಿದ. ಹೊಳಿಯ ನೀರು ಬಾಗಿಲಿಗೆ ಬರುವ ಮೊದಲೇ ಟೇಪು ಮುಗಿಯಿತು. ಡೈರಿಯಲ್ಲಿ ಹೊಸ ಪುಟಕ್ಕೆ ಗೆರೆ ಎಳೆದೆ.