ದುರ್ಬೀನಿನ ಬಾಯಿಗೊಂದು ಮುಚ್ಚಳ

ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ನನ್ನ ತಮ್ಮ ಕಡಗಂಚಿಯಲ್ಲಿ ದೊಡ್ಡ ಓದು ಓದಿ, ಈಗ ಜೇವರ್ಗಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಅವನ ದುರ್ಬೀನು ಮಾತ್ರ ಮಟಕಿ ಎಂಬ ನಮ್ಮ ಹಳ್ಳಿಯಲ್ಲಿ, ನನ್ನ ಗಂಡನ ಮನೆಯ ಮಾಳಿಗೆಯ ಮೇಲಿದೆ. ಜೇವರ್ಗಿಯಲ್ಲಿ ದೀಪಗಳು ಹೆಚ್ಚು, ನಮ್ಮಲ್ಲಿ ಕತ್ತಲೆ ಹೆಚ್ಚು ಎಂದು ಅವನು ಅದನ್ನು ಇಲ್ಲಿ ತಂದು ನಿಲ್ಲಿಸಿದ. ರಾತ್ರಿಯೆಲ್ಲ ಅದು ತನ್ನಷ್ಟಕ್ಕೆ ತಾನೇ ತಿರುಗುತ್ತ ಆಕಾಶದ ಫೋಟೋ ತೆಗೆಯುತ್ತದೆ. ಅವನು ಅಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಇಲ್ಲಿ ಅದನ್ನು ನಡೆಸುತ್ತಾನೆ. ಇದು ಹೇಗೆ ಆಗುತ್ತದೆ ಎಂದು ಮೂರು ಸಲ ಹೇಳಿಸಿಕೊಂಡಿದ್ದೇನೆ. ಮೂರು ಸಲವೂ ತಿಳಿದವಳಂತೆ ತಲೆ ಆಡಿಸಿದ್ದೇನೆ.

ನನ್ನ ಪಾಲಿಗೆ ಇದ್ದದ್ದು ಬೆಳಗಿನ ಕೆಲಸ. ಹೊತ್ತು ಮೂಡಿ ಆಕಾಶ ಬೆಳ್ಳಗಾಗುವಾಗ ಅವನ ಫೋನು ಬರುತ್ತಿತ್ತು.

"ಅಕ್ಕಾ, ಎದ್ದೀಯೇನು?"

"ಎದ್ದು ಎರಡು ರೊಟ್ಟಿ ಬಡದೇನಿ. ನಿನಗೇ ಈಗ ಬೆಳಗಾತೇನು?"

"ಬಟ್ಟಿ ಕಟ್ಟು."

ನಾನು ಮಾಳಿಗೆ ಹತ್ತಿ ದುರ್ಬೀನಿನ ಬಾಯಿಗೆ ತೊಳೆದ ಬಿಳಿ ಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು ಕಟ್ಟುತ್ತಿದ್ದೆ. ಅದು ನಮ್ಮ ಮನೆಯವರ ಹಳೆಯ ಧೋತರದ ತುಂಡು. "ಕಟ್ಟೇನಿ" ಎಂದರೆ ಅವನು ಅಲ್ಲಿಂದಲೇ ಇಪ್ಪತ್ತು ಮೂವತ್ತು ಫೋಟೋ ತೆಗೆಯುತ್ತಿದ್ದ. ಆ ಫೋಟೋಗಳಲ್ಲಿ ನಕ್ಷತ್ರವಿಲ್ಲ, ಏನೂ ಇಲ್ಲ, ಬರೀ ಬಿಳುಪು. ಅದಕ್ಕೆ ನಾನು ಬಿಳಿ ಫೋಟೋ ಎಂದು ಹೆಸರಿಟ್ಟಿದ್ದೆ. ಬಟ್ಟೆಯ ಫೋಟೋ ಯಾಕೆ ಬೇಕು ಎಂದು ನಾನು ಕೇಳಲಿಲ್ಲ. ಕೇಳಿದರೆ ಮತ್ತೆ ತಲೆ ಆಡಿಸಬೇಕಾಗುತ್ತಿತ್ತು.

ಅದು ತೊಗರಿ ರಾಶಿಯ ಕಾಲ. ಮಿಷನ್ನು ಯಾರ ಹೊಲದಲ್ಲಿ ನಡೆದರೂ ಧೂಳು ಊರಿನ ಎಲ್ಲ ಮಾಳಿಗೆಗಳಿಗೂ ಬರುತ್ತದೆ. ದುರ್ಬೀನಿನ ಹಿಂದುಗಡೆ, ಕ್ಯಾಮೆರಾದ ಮುಂದೆ, ಬೆಂಕಿಪೊಟ್ಟಣದಂತೆ ಹೊರಗೆ ಎಳೆಯುವ ಒಂದು ಸಣ್ಣ ಖಾನೆ ಇದೆ. ಅದರಲ್ಲಿ ರೂಪಾಯಿಗಿಂತ ತುಸು ದೊಡ್ಡದಾದ ಒಂದು ಗಾಜು. ಬೆಳದಿಂಗಳು ಬಂದಾಗ ಆ ಗಾಜು ತೆಗೆದು ಬೇರೆಯದನ್ನು ಇಡಲು ತಮ್ಮ ನನಗೆ ಕಲಿಸಿದ್ದ. "ಗಾಜಿಗೆ ಕೈ ಹಚ್ಚಬ್ಯಾಡ" ಎಂದೂ ಹೇಳಿದ್ದ. ನಾನು ಒಂದು ದಿನವೂ ಕೈ ಹಚ್ಚಲಿಲ್ಲ. ಸೀರೆಯ ಸೆರಗಿನಿಂದ ಒರೆಸುತ್ತಿದ್ದೆ.

ದಿನಾ ಬೆಳಗ್ಗೆ, ಬಟ್ಟೆ ಕಟ್ಟುವುದಕ್ಕೆ ಮೊದಲು, ಖಾನೆ ಎಳೆದು ಗಾಜನ್ನು ಎರಡೂ ಕಡೆ ಒರೆಸಿ ಒಳಗೆ ದೂಡುತ್ತಿದ್ದೆ. ನಮ್ಮಲ್ಲಿ ಯಾರಾದರೂ ಫೋಟೋ ತೆಗೆಯುತ್ತೇನೆ ಎಂದರೆ ಮೊದಲು ಮಕ್ಕಳ ಮುಖ ತೊಳೆದು, ತಲೆ ಬಾಚಿ, ಕುಂಕುಮವಿಟ್ಟು ನಿಲ್ಲಿಸುತ್ತೇವೆ. ತಮ್ಮ ಬೆಳಗ್ಗೆ ದುರ್ಬೀನಿನ ಫೋಟೋ ತೆಗೆಯುತ್ತಾನೆ, ಹಾಗಾದರೆ ಅದರ ಮುಖವೂ ಸ್ವಚ್ಛ ಇರಬೇಕು. ಇದರಲ್ಲಿ ತಪ್ಪೇನು ಎಂದು ಈಗಲೂ ನನ್ನ ಮನಸ್ಸಿನ ಒಂದು ಮೂಲೆ ಕೇಳುತ್ತದೆ.

ಆ ಚಳಿಗಾಲವೆಲ್ಲ ತಮ್ಮ ಒಂದೇ ಜಾಗದ ಫೋಟೋ ತೆಗೆಯುತ್ತಿದ್ದ. ಮೃಗಶಿರಾದ ಮೂರು ನಕ್ಷತ್ರಗಳ ಕೆಳಗೆ ಹೊಗೆಯಂತಹ ಒಂದು ಮೋಡವಿದೆಯಂತೆ. ಎಷ್ಟೋ ರಾತ್ರಿಗಳ ಫೋಟೋಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಒಳ್ಳೆಯ ಚಿತ್ರವಾಗುತ್ತದೆ. ಬೇಸಿಗೆ ಹತ್ತಿರವಾದರೆ ಅದು ಪಡುವಣಕ್ಕೆ ಇಳಿದುಬಿಡುತ್ತದೆ, ಮತ್ತೆ ಒಂದು ವರ್ಷ ಕಾಯಬೇಕು.

ಆದರೆ ಚಿತ್ರ ಸರಿ ಬರಲಿಲ್ಲ. ಚಕ್ಕುಲಿಯಂತಹ ಕಪ್ಪು ಸುತ್ತುಗಳು, ಅವುಗಳ ಪಕ್ಕದಲ್ಲೇ ಬಿಳಿ ಸುತ್ತುಗಳು. ಕೆಲವು ದಿನ ಒಂದೂ ಇಲ್ಲ, ಚಿತ್ರ ನೀರಿನಂತೆ ತಿಳಿ. ಮತ್ತೆ ಮರುದಿನದಿಂದ ಸುತ್ತುಗಳು. ಭಾನುವಾರ ಬಂದವನು ಊಟದ ತಾಟಿನ ಮುಂದೆ ಕುಳಿತು ಫೋನಿನಲ್ಲಿ ತೋರಿಸಿದ.

"ಒಂದಿನ ಬರೋಬ್ಬರಿ ಬರ್ತದ, ಒಂದಿನ ಇಲ್ಲ. ಕ್ಯಾಮೆರಾನೇ ಕೆಟ್ಟದೇನೋ. ಇಲ್ಲಂದ್ರ ನನಗ ಈ ಕೆಲಸ ಬರಂಗಿಲ್ಲ, ಅಷ್ಟೇ."

"ಹಂಗ್ಯಾಕ ಅಂತಿ?"

"ನಿನ್ನ ಬಟ್ಟಿನೂ ಇರಬಹುದು. ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗ. ಇದರ ಬದಲಿ ಮೋಟಾರಿನ ಮುಚ್ಚಳ ಬರ್ತದ. ತಾನೇ ಮುಚ್ಚತದ, ತಾನೇ ಬೆಳಕು ಹಚ್ಚತದ, ತಾನೇ ತೆರೀತದ. ಯಾರೂ ಮಾಳಿಗಿ ಹತ್ತೋದು ಬ್ಯಾಡ."

ನಮ್ಮ ಮನೆಯವರು ನಕ್ಕರು. "ಅಂದ್ರ ನಿಮ್ಮ ಅಕ್ಕನ ನೌಕರಿ ಹೋತಲ್ಲೋ."

ನಾನೂ ನಕ್ಕೆ. ಆದರೆ ಬೆಳಗಿನ ಫೋನು ಇನ್ನು ಬರುವುದಿಲ್ಲ ಎಂಬುದು ಮಾತ್ರ ನನಗೆ ಚೆನ್ನಾಗಿ ತಿಳಿಯಿತು.

ಯಾವ ಮುಚ್ಚಳ ತೆಗೆದುಕೊಳ್ಳಬೇಕು ಎಂಬುದು ಅಷ್ಟು ಸುಲಭವಿರಲಿಲ್ಲ. ದುರ್ಬೀನು ಇರುವುದು ನನ್ನ ಮಾಳಿಗೆಯ ಮೇಲೆ, ಆದ್ದರಿಂದ ಅಳತೆ ನಾನೇ ಹೇಳಬೇಕು. ಟೇಪು ಹಿಡಿದು ದುರ್ಬೀನಿನ ಬಾಯಿಯ ದೊಡ್ಡ ಗಾಜಿನ ಅಳತೆ ಹೇಳಿದೆ. "ಗಾಜಿಂದಲ್ಲ, ಹೊರಗಿನ ಕೊಳವಿ ಅಳತಿ" ಎಂದ. ಅದನ್ನು ಅಳೆದೆ. ಮುಚ್ಚಳ ತೆರೆದಾಗ ಎಲ್ಲಿಗೆ ಬಂದು ನಿಲ್ಲುತ್ತದೆ, ಅಲ್ಲಿ ಬಟ್ಟೆ ಒಣಹಾಕುವ ತಂತಿ ಇದೆಯೋ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಕರೆಂಟಿನ ವಾಯರು ಎಷ್ಟು ಉದ್ದ ಬೇಕು, ಮಂಜು ಬಿದ್ದರೆ ಒಳಗೆ ನೀರು ಹೋಗುತ್ತದೋ ಇಲ್ಲವೋ, ಎಲ್ಲ ನೋಡಬೇಕಿತ್ತು. ಒಂದು ಮುಚ್ಚಳ ಅರ್ಧ ಮಾತ್ರ ತೆರೆಯುತ್ತದೆ, ಇನ್ನೊಂದು ಹಿಂದಕ್ಕೆ ಪೂರ್ತಿ ಮಡಚಿಕೊಳ್ಳುತ್ತದೆ. ಒಂದರ ಬೆಳಕು ಬಹಳ, ತೂಕವೂ ಬಹಳ. ಇನ್ನೊಂದು ಹಗುರ, ಬೆಳಕು ಕಡಿಮೆ. ಅವನು ಫೋನಿನಲ್ಲಿ ಒಂದೊಂದೇ ಚಿತ್ರ ಕಳಿಸುತ್ತ ಹೋದಂತೆ ನನಗೆ ಎಲ್ಲವೂ ಕುಕ್ಕರಿನ ಮುಚ್ಚಳದಂತೆಯೇ ಕಂಡವು.

ಕಡೆಗೆ, "ನೀ ಒಮ್ಮೆ ಕಣ್ಣಿಲೆ ನೋಡು" ಎಂದು ಅವನು ನನ್ನನ್ನು ಬೈಕಿನ ಮೇಲೆ ಅಫಜಲಪುರಕ್ಕೆ ಕರೆದುಕೊಂಡು ಹೋದ. ಅಲ್ಲಿ ಒಬ್ಬ ನಿವೃತ್ತ ಮಾಸ್ತರರ ಮನೆಯ ಮೇಲೆ ಅಂಥದ್ದೊಂದು ಇತ್ತು, ದೊಡ್ಡ ಜಾತಿಯದು. ಮಾಸ್ತರರು ಗುಂಡಿ ಒತ್ತಿದರು. ಮುಚ್ಚಳ ಮುದುಕಪ್ಪನಂತೆ ನಿಧಾನವಾಗಿ ಎದ್ದಿತು. ನೆಟ್ಟಗೆ ನಿಂತಾಗ ಗಾಳಿ ಬಂತು. ಕೈಯಲ್ಲಿ ಹಿಡಿದ ಮೊರ ಗಾಳಿಗೆ ಅದುರುವಂತೆ ಅದು ಅದುರಿತು, ಅದರ ಜೊತೆಗೆ ಇಡೀ ದುರ್ಬೀನು ಅಲುಗಾಡಿತು.

"ಇದೊಂದು ತಕ್ಲೀಪ ಅದ ನೋಡ್ರಿ," ಎಂದರು ಮಾಸ್ತರರು. "ಆದ್ರ ಬೆಳಕು ಛಲೋ ಅದ."

ಅಷ್ಟು ದೂರ ಬಂದಿದ್ದೇನೆ, ಒಂದು ಮಾತು ಕೇಳಿಯೇ ಬಿಡೋಣ ಎನಿಸಿತು. "ಬಿಳಿ ಫೋಟೋ ಯಾಕ ತೆಗೀತಾರ್ರಿ?" ಎಂದೆ.

ಅವರಿಗೆ ಖುಷಿಯಾಯಿತು, ಪಾಠ ಹೇಳುವವರಲ್ಲವೇ. "ನೋಡ ತಂಗಿ, ಒಳಗಿನ ಗಾಜಿನ ಮ್ಯಾಲ ಧೂಳ ಇರ್ತದ. ಅದರ ನೆರಳು ರಾತ್ರಿ ಫೋಟೋದಾಗ ಬೀಳ್ತದ. ಬೆಳಗ್ಗೆ ಬಿಳಿ ಫೋಟೋ ತೆಗದ್ರ ಅದೇ ನೆರಳು ಅದರಾಗೂ ಬೀಳ್ತದ. ಇದರಾಗಿಂದ ಅದನ್ನ ಕಳದ್ರ ನೆರಳು ಹೋತು. ಅದಕ್ಕ ರಾತ್ರಿ ಇದ್ದ ಧೂಳ ಬೆಳಗ್ಗೆನೂ ಅಲ್ಲೇ ಇರಬೇಕು, ಅದೇ ಜಾಗದಾಗ."

"ಧೂಳ ಇರಬೇಕ್ರಿ?"

"ಇರಬೇಕವಾ. ಒರಸಿದ್ರ ಎಲ್ಲಾ ಖರಾಬ್."

ನಾನು ಸೆರಗನ್ನು ಕೈಯಲ್ಲಿ ಮುದುಡಿ ಹಿಡಿದುಕೊಂಡೆ. ಕೊಳೆ ತೆಗೆಯಬೇಕಾದರೆ ಕೊಳೆಯನ್ನು ಕಾಯಬೇಕು ಎನ್ನುವ ಮಾತು ನನ್ನ ತಲೆಯೊಳಗೆ ಇಳಿಯಲೇ ಇಲ್ಲ. ಆದರೆ ತಮ್ಮನ ಚಳಿಗಾಲವನ್ನು ಕೆಡಿಸಿದ್ದು ಯಾರು ಎಂಬುದು ಮಾತ್ರ ಇಳಿಯಿತು.

ಬರುವಾಗ ಚೌಡಾಪುರದಲ್ಲಿ ಚಹಾಕ್ಕೆ ನಿಂತೆವು. ತಮ್ಮ ಹೇಳಿದ, "ದೊಡ್ಡದೇ ತಗೋತೇನಿ. ಬೆಳಕು ಸಮ ಇಲ್ಲದ್ದಕ್ಕೇ ಹಿಂಗ ಆಗೇದ. ಹಳೇ ಫೋಟೋ ಎಲ್ಲಾ ಅಳಿಸಿಬಿಡ್ತೇನಿ. ಯಾವ್ದು ಯಾಕ ಛಲೋ ಬಂತು ಗೊತ್ತಿಲ್ಲಂದ್ರ ಅದನ್ನ ನಂಬಾಕ ಆಗಂಗಿಲ್ಲ. ಇದಕ್ಕೂ ಸರಿ ಆಗಲಿಲ್ಲಂದ್ರ ದುರ್ಬೀನು ಮಾರಿಬಿಡೋದು."

ಯಾಕೆ ಚೆನ್ನಾಗಿ ಬಂತು ಎಂದು ನನಗೆ ಗೊತ್ತಿತ್ತು. ತಿಂಗಳಿನ ಆ ನಾಲ್ಕು ದಿನ ನಾನು ದೇವರ ಜಗುಲಿ ಮುಟ್ಟುವುದಿಲ್ಲ. ಆ ಗಾಜನ್ನೂ ಮುಟ್ಟುತ್ತಿರಲಿಲ್ಲ. ಅದು ಆಕಾಶ ನೋಡುವ ಗಾಜು, ಯಾಕೆ ಬೇಕು ಎಂದು. ಆ ದಿನಗಳಲ್ಲಿ ನಾನು ಮೆಟ್ಟಿಲ ಕೆಳಗೆ ಫೋನು ಹಿಡಿದು ನಿಲ್ಲುತ್ತಿದ್ದೆ, ನಮ್ಮ ಮನೆಯವರು ಮೇಲೆ ಹೋಗಿ ಬಟ್ಟೆ ಕಟ್ಟುತ್ತಿದ್ದರು. ಅವರು ಯಾವ ವಸ್ತುವನ್ನೂ ಒರೆಸುವವರಲ್ಲ. ಅವರು ಕೆಳಗೆ ಕೂಗಿದರೆ ನಾನು "ಕಟ್ಟೇನಿ" ಎಂದು ತಮ್ಮನಿಗೆ ಸುಳ್ಳು ಹೇಳುತ್ತಿದ್ದೆ. ಇಲ್ಲದಿದ್ದರೆ ಇವತ್ತು ನೀನ್ಯಾಕೆ ಹತ್ತಲಿಲ್ಲ ಎಂದು ಕೇಳುತ್ತಾನೆ. ತಮ್ಮನಿಗೆ ಅದನ್ನು ಹೇಗೆ ಹೇಳುವುದು?

ಚಹಾದ ಹೋಟೆಲಿನ ತುಂಬ ಗಂಡಸರು. ಬಾಯಿ ತೆರೆದೆ. "ಏನು?" ಎಂದ. "ಚಹಾ ಆರಾಕತ್ತೇದ, ಕುಡಿ" ಎಂದೆ.

ಅಲ್ಲಿಗೆ ನಿಂತಿದ್ದರೆ ನನ್ನ ತಪ್ಪು ಸಣ್ಣದಿತ್ತು. ಮನೆಗೆ ಬಂದ ಮೇಲೆ ನಾನು ಲೆಕ್ಕ ಹಾಕಿದೆ. ಮೋಟಾರಿನ ಮುಚ್ಚಳ ಬಂದರೆ ನಾನು ಏಳುವ ಮೊದಲೇ ಬಿಳಿ ಫೋಟೋ ಮುಗಿದಿರುತ್ತದೆ. ಆಮೇಲೆ ಒರೆಸಿದರೂ, ಬಿಟ್ಟರೂ ಯಾರಿಗೂ ತಿಳಿಯುವುದಿಲ್ಲ. ಸುತ್ತುಗಳು ಹೋಗುತ್ತವೆ, ಬಟ್ಟೆಯದೇ ತಪ್ಪೆಂದು ತಮ್ಮ ಸುಮ್ಮನಾಗುತ್ತಾನೆ. ಮರುದಿನ ಅವನು ಫೋನಿನಲ್ಲಿ "ಯಾವ್ದು ತಗೊಳ್ಳಿ ಅಕ್ಕಾ, ಖರೇ ಹೇಳು" ಎಂದಾಗ, ಆ ಮುಚ್ಚಳ ಗಾಳಿಗೆ ಅದುರಿದ್ದನ್ನು ಕಣ್ಣಾರೆ ಕಂಡಿದ್ದರೂ ನಾನು ಹೇಳಿದೆ: "ದೊಡ್ಡದೇ ತಗೋ. ಜಲ್ದಿ ತರಿಸು."

"ಹಂಗಾರ ಇವತ್ತಿಂದ ಅಳಸಾಕ ಸುರು ಮಾಡ್ತೇನಿ" ಎಂದ.

ಆ ದಿನ ರೊಟ್ಟಿ ಹೊತ್ತಿದವು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಮ್ಮ ಮನೆಯವರು ಒಂದು ತುತ್ತು ಬಾಯಿಗಿಟ್ಟು, "ನಿನಗೂ ಮೋಟಾರು ಕೂಡಿಸಬೇಕು ಕಾಣ್ತದ ಬೇ" ಎಂದರು. ನನಗೆ ನಗು ಬರಲಿಲ್ಲ. ಅವನು ಈಗ ಅಳಿಸುತ್ತಿರುವುದರಲ್ಲಿ ಒಳ್ಳೆಯ ದಿನಗಳೂ ಇವೆ. ಅವು ಯಾವುವು ಎಂದು ಲೋಕದಲ್ಲಿ ನನಗೊಬ್ಬಳಿಗೇ ಗೊತ್ತು. ಅಡುಗೆ ಮನೆಯ ಮೊಳೆಗೆ ಹೋದ ವರ್ಷದ್ದೂ ಈ ವರ್ಷದ್ದೂ ಎರಡು ಕ್ಯಾಲೆಂಡರು ಒಂದರ ಮೇಲೊಂದು ತೂಗುತ್ತಿದ್ದವು. ಪ್ರತಿ ತಿಂಗಳು ನನ್ನ ದಿನಗಳಿಗೆ ಪೆನ್ನಿನಿಂದ ಒಂದೊಂದು ಸಣ್ಣ ಚುಕ್ಕೆ ಇಡುವುದು ಮದುವೆಯಾದಾಗಿನಿಂದ ನನ್ನ ರೂಢಿ. ಆ ಚುಕ್ಕೆ ಏನೆಂದು ಯಾರೂ ಕೇಳಿಲ್ಲ.

ಮರುದಿನ ಎರಡೂ ಕ್ಯಾಲೆಂಡರು ಸುತ್ತಿ, ಚೀಲದಲ್ಲಿಟ್ಟುಕೊಂಡು, ಆಳಂದಕ್ಕೆ ಹೋಗಿ ಅಲ್ಲಿಂದ ಬಸ್ಸು ಬದಲಿಸುತ್ತ ಜೇವರ್ಗಿಗೆ ಹೋದೆ. ದಾರಿಯುದ್ದಕ್ಕೂ ಹೇಳುವ ಮಾತು ಜೋಡಿಸಿದೆ. ತಮ್ಮನ ಬಾಡಿಗೆ ಕೋಣೆಯ ಬಾಗಿಲಲ್ಲಿ ಅವೆಲ್ಲ ಉದುರಿ ಹೋದವು.

"ಅಕ್ಕಾ? ಏನಾತು? ಮಾಮಾ ಆರಾಮ ಇದ್ದಾರಿಲ್ಲೋ?"

ನಾನು ಕ್ಯಾಲೆಂಡರು ಬಿಚ್ಚಿ ಮಂಚದ ಮೇಲೆ ಹಾಸಿದೆ. "ಅಳಸೋದು ನಿಲ್ಲಸು. ಈ ಚುಕ್ಕಿ ಇದ್ದ ದಿನ ನೋಡು."

"ಏನಿವು?"

"ಏನರ ಇರಲಿ. ನೋಡಂದ್ರ ನೋಡು."

ಅವನು ಕಂಪ್ಯೂಟರು ತೆರೆದ. ಒಂದು ಚುಕ್ಕೆ ನೋಡಿದ, ಒಂದು ಚಿತ್ರ ನೋಡಿದ. ತಿಳಿಯಾಗಿತ್ತು. ಮುಂದಿನದೂ ತಿಳಿ. ಆಮೇಲೆ ಅವನು ಬಹಳ ಹೊತ್ತು ಚುಕ್ಕೆಗಳನ್ನೇ ನೋಡಿದ. ನಾಲ್ಕು ದಿನ, ತಿಂಗಳು ಬಿಟ್ಟು ನಾಲ್ಕು ದಿನ. ಓದಿದವನು, ತಿಳಿಯಿತು ಎಂದು ಅವನ ಕಿವಿ ಕೆಂಪಾದದ್ದರಿಂದ ನನಗೆ ತಿಳಿಯಿತು.

"ಉಳಿದ ದಿನ?" ಎಂದ, ಮುಖ ಎತ್ತದೆ.

"ಒರಸೇನಿ. ಆ ಖಾನಿ ತಗದು."

"ದಿನಾ?"

"ದಿನಾ. ಫೋಟೋ ತೆಗಿಯೋ ಮುಂಚ ಮುಖ ತೊಳೀಬೇಕಲ್ಲೋ."

ಅವನು ನಗುತ್ತಾನೋ, ಅಳುತ್ತಾನೋ, ಬೈಯುತ್ತಾನೋ ಗೊತ್ತಾಗಲಿಲ್ಲ. ಅವನಿಗೂ ಗೊತ್ತಾಗಲಿಲ್ಲ ಎಂದು ಕಾಣುತ್ತದೆ. "ಅಫಜಲಪುರದಾಗೇ ತಿಳಿದಿತ್ತಲ್ಲ ನಿನಗ," ಎಂದ. "ನಾ ನನಗ ಏನೂ ಬರಂಗಿಲ್ಲ ಅನಕೋತ ಕುಂತಿದ್ದೆ."

"ಹೂಂ."

"ಮೊದಲನೇ ಎರಡು ತಿಂಗಳದ್ದು ನಿನ್ನೆ ರಾತ್ರಿ ಅಳಿಸೇನಿ ಅಕ್ಕಾ."

ಚೌಡಾಪುರದಲ್ಲಿ ಬಾಯಿ ತೆರೆದವಳು ಮಾತಾಡಿದ್ದರೆ ಆ ಎಂಟು ರಾತ್ರಿಗಳು ಉಳಿಯುತ್ತಿದ್ದವು. ಉಳಿದ ಎರಡು ತಿಂಗಳಿನ ಚುಕ್ಕೆಯ ದಿನಗಳನ್ನಷ್ಟೇ ಕೂಡಿಸಿ ಅವನು ಒಂದು ಚಿತ್ರ ಮಾಡಿದ. ಗುಲಾಬಿ ಬಣ್ಣದ ಹೊಗೆ. ಸುತ್ತುಗಳಿಲ್ಲ. ಅಂಚು ಮಾತ್ರ ಕಾಳು ಉದುರಿದಂತೆ ಒರಟು. ಇನ್ನೆಂಟು ರಾತ್ರಿ ಇದ್ದಿದ್ದರೆ ನುಣ್ಣಗಾಗುತ್ತಿತ್ತು ಎಂದು ಅವನು ನನಗೆ ಹೇಳಲಿಲ್ಲ. ಬೇರೆ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಾಗ ನಾನು ಕೇಳಿಸಿಕೊಂಡೆ.

ಮುಚ್ಚಳ ಆರಿಸುವ ಮಾತು ಅದೇ ದಿನ ಮತ್ತೆ ಬಂತು. "ಈಗ ಖರೇ ಹೇಳು, ಯಾವ್ದು?" ಎಂದ. ನಾನು ನೋಡಿದ್ದನ್ನು ಹೇಳಿದೆ. ದೊಡ್ಡದು ನಮ್ಮ ಮಾಳಿಗೆಯ ಗಾಳಿಗೆ ಮೊರದಂತೆ ಅದುರುತ್ತದೆ. ಹಗುರದ್ದು ಇರಲಿ, ಅರ್ಧಕ್ಕೆ ನಿಲ್ಲದೆ ಹಿಂದಕ್ಕೆ ಪೂರ್ತಿ ಮಡಚಿಕೊಳ್ಳುವುದು ಇರಲಿ, ತಂತಿ ನಾನು ಬೇರೆ ಕಡೆ ಕಟ್ಟುತ್ತೇನೆ. ಬೆಳಕು ಕಡಿಮೆಯಾದರೆ? "ಹೆಚ್ಚು ಹೊತ್ತು ತೆಗದ್ರಾತು," ಎಂದು ಅವನೇ ಉತ್ತರ ಹೇಳಿಕೊಂಡ. ದೊಡ್ಡದನ್ನು ಬೇಡವೆಂದು ತಿಳಿಸಿ ಸಣ್ಣದನ್ನು ತರಿಸಿದ.

ಈಗ ಅದು ಬಂದು ಕೂತಿದೆ. ನಾನು ಏಳುವಷ್ಟರಲ್ಲಿ ಮುಚ್ಚಿಕೊಂಡು, ಬೆಳಗಿ, ಆರಿರುತ್ತದೆ. ಬೆಳಗಿನ ಫೋನು ನಿಂತಿದೆ. ತಮ್ಮ ಭಾನುವಾರ ಮಾತ್ರ ಬರುತ್ತಾನೆ.

ಹೊಸ ಕ್ಯಾಲೆಂಡರು ತಂದವನೂ ಅವನೇ. ತಿಂಗಳಿಗೆ ಒಂದು ದಿನ, ಬಿಳಿ ಫೋಟೋ ಮುಗಿದ ಮೇಲೆ, ಗಾಜು ಒರೆಸಬಹುದು, ಆ ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದ್ದಾನೆ. ಒರೆಸಲು ಬೇರೆ ಮೆತ್ತನೆಯ ಬಟ್ಟೆ ಕೊಟ್ಟಿದ್ದಾನೆ, ಸೆರಗು ನಡೆಯುವುದಿಲ್ಲವಂತೆ. ಆದರೆ ಈ ತಿಂಗಳು ಅವನ ಸುತ್ತಿನ ಒಳಗೇ ನನ್ನ ಚುಕ್ಕೆ ಬಿತ್ತು. ನಾನು ಫೋನು ಮಾಡಿದೆ.

"ಇವತ್ತ ಒರಸೋ ದಿನ," ಎಂದೆ.

"ಹೌದು."

"ಚುಕ್ಕಿನೂ ಅದ."

"ದುರ್ಬೀನಿಗೇನು ಗೊತ್ತಾಗ್ತದ ಅಕ್ಕಾ. ಒರಸು," ಎಂದ.

ನಾನು ಮೆತ್ತನೆಯ ಬಟ್ಟೆ ಹಿಡಿದು ಮಾಳಿಗೆ ಹತ್ತಿ, ಖಾನೆಯ ಮುಂದೆ ನಿಂತೆ. ಎಳೆಯಲೋ ಬೇಡವೋ ತಿಳಿಯದೆ ಬಿಸಿಲು ಏರುವವರೆಗೆ ನಿಂತೇ ಇದ್ದೆ. ಫೋನನ್ನು ಅವನು ಇಟ್ಟಿರಲಿಲ್ಲ. "ಒರಸಿದ್ಯೇನು?" ಎಂದು ನಡುನಡುವೆ ಕೇಳುತ್ತಿದ್ದ. "ತಡಿ" ಎಂದೆ. ಈ ಸಲ ಸುಳ್ಳು ಹೇಳಲಿಲ್ಲ.